ಅಂತರ್ಜಾಲ ಮಳಿಗೆಯಲ್ಲಿ ರಿಯಾಯಿತಿಯ ನಿಯಮಗಳು: ಲೆಕ್ಕ, ತೆರಿಗೆ ಮತ್ತು ಎಚ್ಚರಿಕೆ

ವ್ಯಾಪಾರದಲ್ಲಿ ಸೋಡಿ ಬಿಡುವುದು ಹೊಸ ಸಂಗತಿಯೇನಲ್ಲ. ಅಂಗಡಿಯ ಗಲ್ಲೆಯ ಮೇಲೆ ಕುಳಿತ ಮಾಲೀಕರು ಗಿರಾಕಿಯ ಮುಖ ನೋಡಿ, ಕೊಳ್ಳುವ ಸರಕಿನ ಪ್ರಮಾಣ ನೋಡಿ, ತಮ್ಮ ದಾಸ್ತಾನಿನ ಸ್ಥಿತಿಯನ್ನು ಮನಸ್ಸಿನಲ್ಲಿಯೇ ಲೆಕ್ಕ ಹಾಕಿ ಹತ್ತೋ ಇಪ್ಪತ್ತೋ ರೂಪಾಯಿ ಬಿಡುತ್ತಾರೆ. ಅಲ್ಲಿ ನಿಯಮವೂ ಅವರೇ, ಅದಕ್ಕೆ ವಿನಾಯಿತಿಯೂ ಅವರೇ. ಆದರೆ ಅದೇ ವರ್ತಕರು ಅಂತರ್ಜಾಲದಲ್ಲಿ ಮಳಿಗೆ ತೆರೆದಾಗ ಸೋಡಿ ಕೊಡುವ ಅಧಿಕಾರವು ಒಂದು ತಂತ್ರಾಂಶಕ್ಕೆ ವರ್ಗಾವಣೆಯಾಗುತ್ತದೆ. ಅದಕ್ಕೆ ಗಿರಾಕಿಯ ಮುಖ ಕಾಣುವುದಿಲ್ಲ. ಬರೆದಿಟ್ಟ ನಿಯಮವನ್ನು ಅದು ಅಕ್ಷರಶಃ ಪಾಲಿಸುತ್ತದೆ. ನಿಯಮದಲ್ಲಿ ತಪ್ಪಿದ್ದರೆ ಆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ, ರಾತ್ರಿ ಎರಡು ಗಂಟೆಗೂ ನಡೆಸಿಕೊಡುತ್ತದೆ.

ಇತ್ತೀಚಿನ ವರ್ಷಗಳಲ್ಲಿ ನಮ್ಮ ಜಿಲ್ಲೆಗಳ ಸಣ್ಣ ಉತ್ಪಾದಕರು, ಅಂದರೆ ಬಳ್ಳಾರಿಯ ಜೀನ್ಸ್ ತಯಾರಕರು, ಮೈಸೂರು-ಬೆಂಗಳೂರಿನ ಊದುಬತ್ತಿ ಉದ್ಯಮಿಗಳು, ಸಿದ್ಧ ಉಡುಪು ಹಾಗೂ ಪಾದರಕ್ಷೆಯ ವ್ಯಾಪಾರಸ್ಥರು ತಮ್ಮದೇ ಜಾಲತಾಣಗಳನ್ನು ತೆರೆಯುತ್ತಿದ್ದಾರೆ. ಜಾಲತಾಣ ಕಟ್ಟಿಕೊಡುವ ಯುವಕರು ಚಿತ್ರ, ಬಣ್ಣ, ವಿನ್ಯಾಸಗಳ ಬಗ್ಗೆ ಸಾಕಷ್ಟು ಪರಿಶ್ರಮಿಸುತ್ತಾರೆ. ರಿಯಾಯಿತಿಯ ಪುಟ ಬಂದಾಗ ಮಾತ್ರ “ಎಷ್ಟು ಪರ್ಸೆಂಟ್ ಹಾಕಲಿ ಸರ್?” ಎಂದು ಕೇಳಿ, ಹೇಳಿದ ಅಂಕಿಯನ್ನು ತುಂಬಿ ಮುಂದೆ ಹೋಗುತ್ತಾರೆ. ಆ ಪುಟದಲ್ಲಿ ಅಂಕಿಯ ಸುತ್ತ ಇರುವ ಸಣ್ಣ ಸಣ್ಣ ಚೌಕಗಳಲ್ಲಿಯೇ ಲಾಭ-ನಷ್ಟದ ನಿರ್ಣಯ ಅಡಗಿರುತ್ತದೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸಲಾಗಿದೆ.

ಮೊದಲು ಕಾಗದದ ಮೇಲೆ

ರಿಯಾಯಿತಿಯ ಶೇಕಡಾವಾರು ಪ್ರಮಾಣವನ್ನು ಪ್ರತಿಸ್ಪರ್ಧಿಯ ಜಾಹೀರಾತು ನೋಡಿ ನಿರ್ಧರಿಸುವ ಪದ್ಧತಿ ಹೆಚ್ಚಾಗಿದೆ. ಅದರ ಬದಲು ಒಂದು ನಗಕ್ಕೆ ತಮ್ಮ ಕೈಯಲ್ಲಿ ಉಳಿಯುವುದೆಷ್ಟು ಎಂಬ ಪ್ರಶ್ನೆಯಿಂದ ಆರಂಭಿಸತಕ್ಕದ್ದು.

ಒಂದು ಜೀನ್ಸ್ ಪ್ಯಾಂಟಿನ ಮಾರಾಟ ಬೆಲೆ, ತೆರಿಗೆ ಬಿಟ್ಟು, 1,000 ರೂ. ಎಂದಿಟ್ಟುಕೊಳ್ಳೋಣ. ಬಟ್ಟೆ, ಹೊಲಿಗೆ, ಒಗೆತ, ಪ್ಯಾಕಿಂಗ್ ಎಲ್ಲ ಸೇರಿ ಅಸಲು 640 ರೂ. ಕೊರಿಯರ್ 70 ರೂ. ಹಣ ಸ್ವೀಕರಿಸುವ ಗೇಟ್‌ವೇ ಸಂಸ್ಥೆಗೆ ಸುಮಾರು 20 ರೂ. ಮರಳಿ ಬರುವ ಸರಕಿನಿಂದಾಗುವ ನಷ್ಟವನ್ನು ಎಲ್ಲ ನಗಗಳಿಗೆ ಹಂಚಿದರೆ 30 ರೂ. ಉಳಿದದ್ದು 240 ರೂ. ಬಾಡಿಗೆ, ಸಂಬಳ, ಬಡ್ಡಿ, ಜಾಹೀರಾತು ಎಲ್ಲವೂ ಈ 240ರಿಂದಲೇ ಹೊರಡಬೇಕು. ಈಗ ಶೇ. 15 ರಿಯಾಯಿತಿ ಘೋಷಿಸಿದರೆ ಹೋಗುವುದು 150 ರೂ., ಉಳಿಯುವುದು 90 ರೂ. ಹಿಂದೆ 100 ಪ್ಯಾಂಟು ಮಾರಿ ಗಳಿಸುತ್ತಿದ್ದ 24,000 ರೂಪಾಯಿಯನ್ನು ಈಗ ಗಳಿಸಲು 267 ಪ್ಯಾಂಟು ಮಾರಬೇಕು. ಗಿರಾಕಿಗೆ ಶೇ. 15 ಎಂದು ಕಾಣುವುದು ವರ್ತಕರ ಉಳಿಕೆಯ ಶೇ. 62ಕ್ಕೂ ಹೆಚ್ಚು ಭಾಗ.

ಇದಕ್ಕೊಂದು ಸರಳ ಸೂತ್ರವಿದೆ. ರಿಯಾಯಿತಿಯ ಶೇಕಡಾ ಪ್ರಮಾಣವನ್ನು, ಉಳಿಕೆಯ ಶೇಕಡಾ ಪ್ರಮಾಣದಿಂದ ರಿಯಾಯಿತಿಯನ್ನು ಕಳೆದು ಬಂದ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸಿದರೆ, ಮೊದಲಿನ ಲಾಭ ಉಳಿಸಿಕೊಳ್ಳಲು ಮಾರಾಟ ಶೇಕಡಾ ಎಷ್ಟು ಹೆಚ್ಚಬೇಕು ಎಂಬುದು ತಿಳಿಯುತ್ತದೆ. ಉಳಿಕೆ ಶೇ. 24 ಇರುವ ಮೇಲಿನ ಉದಾಹರಣೆಯಲ್ಲಿ ಶೇ. 5 ಬಿಟ್ಟರೆ ಮಾರಾಟ ಶೇ. 26ರಷ್ಟು ಹೆಚ್ಚಬೇಕು, ಶೇ. 10 ಬಿಟ್ಟರೆ ಶೇ. 71ರಷ್ಟು, ಶೇ. 20 ಬಿಟ್ಟರೆ ಶೇ. 500ರಷ್ಟು, ಅಂದರೆ ಆರು ಪಟ್ಟು. ಶೇ. 24 ಬಿಟ್ಟವರು ಎಷ್ಟು ಮಾರಿದರೂ ಒಂದೇ. ಈ ನಾಲ್ಕು ಸಾಲುಗಳನ್ನು ತಮ್ಮ ಸರಕಿಗೆ ಅನ್ವಯಿಸಿ ಬರೆದು ಗೋಡೆಗೆ ಅಂಟಿಸಿಕೊಳ್ಳುವಂತೆ ನಾನು ನನ್ನ ಕಕ್ಷಿದಾರರಿಗೆ ಹೇಳುತ್ತಿರುತ್ತೇನೆ.

ಇನ್ನೊಂದು ಗೊಂದಲವನ್ನೂ ಇಲ್ಲಿಯೇ ನಿವಾರಿಸಿಕೊಳ್ಳಬೇಕು. “ಶೇ. 40 ಏರಿಸಿ ಬೆಲೆ ಹಾಕಿದ್ದೇನೆ, ಆದ್ದರಿಂದ ಶೇ. 40 ಬಿಟ್ಟರೂ ಅಸಲು ಸಿಗುತ್ತದೆ” ಎನ್ನುವವರು ಇಂದಿಗೂ ಇದ್ದಾರೆ. ಅಸಲು 600ಕ್ಕೆ ಶೇ. 40 ಸೇರಿಸಿದರೆ 840, 840ಕ್ಕೆ ಶೇ. 40 ಬಿಟ್ಟರೆ 504. ನಗವೊಂದಕ್ಕೆ 96 ರೂ. ಕೈಯಿಂದ ಹೋಯಿತು. ಏರಿಕೆ ಅಸಲಿನ ಮೇಲೆ, ಇಳಿಕೆ ಬೆಲೆಯ ಮೇಲೆ.

ಒಂದರ ಮೇಲೊಂದು ರಿಯಾಯಿತಿ

ತಂತ್ರಾಂಶ ಯಾವುದೇ ಇರಲಿ, ಪ್ರತಿಯೊಂದು ರಿಯಾಯಿತಿ ನಿಯಮದಲ್ಲಿ ಯಾರಿಗೆ, ಯಾವ ಸರಕಿಗೆ, ಯಾವ ಷರತ್ತಿನ ಮೇಲೆ, ಎಷ್ಟು, ಯಾವಾಗಿನಿಂದ ಯಾವಾಗಿನವರೆಗೆ ಎಂಬ ಅಂಶಗಳಿರುತ್ತವೆ. ಇವಿಷ್ಟನ್ನು ತುಂಬುವುದು ಕಷ್ಟವಲ್ಲ. ಎರಡು ನಿಯಮಗಳು ಒಂದೇ ಬಿಲ್ಲಿನಲ್ಲಿ ಸಂಧಿಸಿದಾಗ ಏನಾಗಬೇಕು ಎಂಬುದೇ ನಿಜವಾದ ಪ್ರಶ್ನೆ.

ನನಗೆ ತಿಳಿದ ಉಡುಪು ತಯಾರಕರೊಬ್ಬರು ದೀಪಾವಳಿಗೆ ಎಲ್ಲ ಸರಕಿನ ಮೇಲೆ ಶೇ. 20 ಇಳಿಸಿದರು. ಹೊಸ ಗ್ರಾಹಕರಿಗೆ ಶೇ. 10ರ ಕೂಪನ್ ಒಂದು ಯುಗಾದಿಯಿಂದಲೇ ಚಾಲ್ತಿಯಲ್ಲಿತ್ತು. ಅದನ್ನು ನಿಲ್ಲಿಸುವ ಯೋಚನೆ ಯಾರಿಗೂ ಬರಲಿಲ್ಲ. ಅಂಕಿಗಳನ್ನು ಮೇಲಿನ ಪ್ಯಾಂಟಿನ ಲೆಕ್ಕಕ್ಕೇ ಹೊಂದಿಸಿ ಹೇಳುವುದಾದರೆ, 1,000 ರೂ. ಬೆಲೆ 800ಕ್ಕೆ ಇಳಿದು, ಅದರ ಮೇಲೆ ಶೇ. 10 ಹೋಗಿ 720ಕ್ಕೆ ನಿಂತಿತು. ಖರ್ಚು 760. ಪ್ರತಿ ನಗಕ್ಕೆ 40 ರೂ. ನಷ್ಟ. ಮೂರು ದಿನಗಳಲ್ಲಿ ಬಂದ ಆರ್ಡರುಗಳ ಸಂಖ್ಯೆಯನ್ನು ಅವರು ಬಹಳ ಸಂತೋಷದಿಂದ ಹೇಳಿದರು. ಆರ್ಡರು ಹೆಚ್ಚಿದಷ್ಟೂ ನಷ್ಟ ಹೆಚ್ಚುವ ಸ್ಥಿತಿಯದು ಎಂದು ವಿವರಿಸಬೇಕಾಯಿತು.

ಇದನ್ನು ತಡೆಯುವ ವ್ಯವಸ್ಥೆ ತಂತ್ರಾಂಶಗಳಲ್ಲಿಯೇ ಇದೆ. ವೂಕಾಮರ್ಸ್ ಬಳಸುವವರು ಕೂಪನ್ ರಚಿಸುವಾಗ ‘ಎಕ್ಸ್‌ಕ್ಲೂಡ್ ಸೇಲ್ ಐಟಮ್ಸ್’ ಎಂಬ ಚೌಕಕ್ಕೆ ಗುರುತು ಹಾಕಿದರೆ, ಈಗಾಗಲೇ ಬೆಲೆ ಇಳಿಸಿದ ಸರಕಿಗೆ ಆ ಕೂಪನ್ ಅನ್ವಯವಾಗುವುದಿಲ್ಲ. ‘ಇಂಡಿವಿಜುವಲ್ ಯೂಸ್ ಓನ್ಲಿ’ ಎಂಬ ಚೌಕ ತುಂಬಿದರೆ ಅದರೊಂದಿಗೆ ಇನ್ನೊಂದು ಕೂಪನ್ ಸೇರುವುದಿಲ್ಲ. ಎರಡು ಕೂಪನ್‌ಗಳಿಗೆ ಅವಕಾಶ ಕೊಟ್ಟಲ್ಲಿ ಅವು ಎರಡೂ ಮೂಲ ಬೆಲೆಯ ಮೇಲೆ ಲೆಕ್ಕವಾಗಬೇಕೋ, ಒಂದನ್ನು ಕಳೆದು ಉಳಿದದ್ದರ ಮೇಲೆ ಇನ್ನೊಂದು ಲೆಕ್ಕವಾಗಬೇಕೋ ಎಂಬುದಕ್ಕೂ ಒಂದು ಆಯ್ಕೆಯಿದೆ. ಶೇ. 20 ಮತ್ತು ಶೇ. 10 ಎರಡೂ ಮೂಲ ಬೆಲೆಯ ಮೇಲಾದರೆ ಸಾವಿರಕ್ಕೆ 700 ಬರುತ್ತದೆ. ಅನುಕ್ರಮವಾಗಿ ಆದರೆ 720. ಯಾವ ಗುರುತನ್ನೂ ಹಾಕದೆ ಬಿಟ್ಟರೆ ಮೊದಲನೆಯ ವಿಧವೇ ಜಾರಿಯಲ್ಲಿರುತ್ತದೆ. ಶಾಪಿಫೈಯಲ್ಲಿ ಕ್ರಮ ಸ್ವಲ್ಪ ಭಿನ್ನ: ಸರಕಿನ ಮೇಲಿನ, ಆರ್ಡರಿನ ಮೇಲಿನ, ಸಾಗಣೆಯ ಮೇಲಿನ ರಿಯಾಯಿತಿಗಳೆಂದು ವರ್ಗಗಳಿದ್ದು, ಯಾವುದು ಯಾವುದರೊಂದಿಗೆ ಕೂಡಬಹುದೆಂದು ನಾವೇ ಒಪ್ಪಿಗೆ ಕೊಡಬೇಕು, ಕೊಡದಿದ್ದರೆ ಗ್ರಾಹಕರಿಗೆ ಹೆಚ್ಚು ಲಾಭಕರವಾದ ಒಂದನ್ನು ಮಾತ್ರ ಅದು ಅನ್ವಯಿಸುತ್ತದೆ. ಮಜೆಂಟೋ ಮೂಲದ ಮಳಿಗೆಗಳಲ್ಲಿ ಪ್ರತಿ ನಿಯಮಕ್ಕೂ ಆದ್ಯತೆಯ ಸಂಖ್ಯೆ ಕೊಟ್ಟು, ಒಂದು ನಿಯಮ ಅನ್ವಯವಾದ ಮೇಲೆ ಮುಂದಿನವುಗಳನ್ನು ಕೈಬಿಡುವಂತೆ ಸೂಚಿಸಬಹುದು. ಸಂಖ್ಯೆ ಚಿಕ್ಕದಾದಷ್ಟೂ ಆದ್ಯತೆ ಹೆಚ್ಚು.

‘ಇಂತಿಷ್ಟು ರೂಪಾಯಿ ಮೇಲ್ಪಟ್ಟು ಸಾಗಣೆ ಉಚಿತ’ ಎಂಬುದೂ ಒಂದು ರಿಯಾಯಿತಿಯೇ ಎಂಬುದನ್ನು ಮರೆಯುವವರು ಬಹಳ. 999 ರೂ. ಮಿತಿಯನ್ನು ಕೂಪನ್ ಕಳೆಯುವ ಮುಂಚಿನ ಮೊತ್ತಕ್ಕೆ ನೋಡಬೇಕೋ, ಕಳೆದ ನಂತರದ ಮೊತ್ತಕ್ಕೆ ನೋಡಬೇಕೋ ಎಂಬುದಕ್ಕೆ ವೂಕಾಮರ್ಸ್‌ನ ಸಾಗಣೆ ಪುಟದಲ್ಲಿ ಪ್ರತ್ಯೇಕ ಚೌಕವಿದೆ. ಕಳೆದ ನಂತರದ ಮೊತ್ತಕ್ಕೆ ನೋಡುವುದೇ ನನ್ನ ಅಭಿಪ್ರಾಯದಲ್ಲಿ ಸುರಕ್ಷಿತ.

ದಿನಾಂಕದ ವಿಷಯದಲ್ಲಿ ಒಂದು ಮಾತು. ವೂಕಾಮರ್ಸ್‌ನಲ್ಲಿ ಕೂಪನ್ ಮುಕ್ತಾಯದ ದಿನಾಂಕ ಹಾಕಿದರೆ ಅದು ಆ ದಿನ ಆರಂಭವಾಗುವ ಕ್ಷಣದಲ್ಲೇ, ಅಂದರೆ ಹಿಂದಿನ ಮಧ್ಯರಾತ್ರಿಯೇ ಮುಗಿಯುತ್ತದೆ. ಜಾಹೀರಾತಿನಲ್ಲಿ ‘20ರವರೆಗೆ’ ಎಂದು ಪ್ರಕಟಿಸಿದ್ದರೆ ತಂತ್ರಾಂಶದಲ್ಲಿ 21 ಎಂದು ತುಂಬಬೇಕು. ಇಲ್ಲವಾದರೆ ಕೊನೆಯ ದಿನ ಬಂದ ಗ್ರಾಹಕರೆಲ್ಲರೂ ಜಗಳಕ್ಕೆ ನಿಲ್ಲುತ್ತಾರೆ, ಅದೂ ನ್ಯಾಯವಾಗಿಯೇ. ಮಳಿಗೆಯ ಗಡಿಯಾರವನ್ನು ಭಾರತೀಯ ಸಮಯಕ್ಕೆ ಹೊಂದಿಸದೆ ಬಿಟ್ಟಿದ್ದರೆ ಆರಂಭವೂ ಮುಕ್ತಾಯವೂ ಐದೂವರೆ ಗಂಟೆ ತಡವಾಗುತ್ತವೆ.

ಮಿತಿಗಳನ್ನು ತಪ್ಪದೆ ತುಂಬಬೇಕು: ಒಬ್ಬ ಗ್ರಾಹಕ ಎಷ್ಟು ಸಲ, ಒಟ್ಟು ಎಷ್ಟು ಸಲ. ಒಟ್ಟು 200 ಸಲ, ಪ್ರತಿ ಸಲಕ್ಕೆ ಹೆಚ್ಚೆಂದರೆ 150 ರೂ. ಎಂದು ಬರೆದಿಟ್ಟರೆ ಹೆಚ್ಚೆಂದರೆ 30,000 ರೂ. ಹೋಗುತ್ತದೆ ಎಂಬ ನಿಶ್ಚಯವಿರುತ್ತದೆ. ಮಿತಿಯಿಲ್ಲದ ಕೂಪನ್ ಎಂದರೆ ಮೊತ್ತ ಬರೆಯದೆ ಸಹಿ ಹಾಕಿ ಬೀದಿಯಲ್ಲಿ ಬಿಟ್ಟ ಚೆಕ್ಕು. ನೆನಪಿರಲಿ, ಕೂಪನ್ ಸಂಕೇತಗಳನ್ನು ಕಲೆಹಾಕಿ ಪ್ರಕಟಿಸುವುದನ್ನೇ ಕಸುಬು ಮಾಡಿಕೊಂಡ ತಾಣಗಳಿವೆ. ಒಬ್ಬ ಹಳೆಯ ಗಿರಾಕಿಗೆಂದು ಕೊಟ್ಟ ಸಂಕೇತ ಊರಿಗೆಲ್ಲ ಹಂಚಿಹೋಗಲು ಒಂದು ದಿನ ಸಾಕು.

ತೆರಿಗೆಯ ದೃಷ್ಟಿಯಿಂದ

ನಮ್ಮ ವಾಣಿಜ್ಯ ಪಠ್ಯಗಳಲ್ಲಿ ವ್ಯಾಪಾರಿ ಸೋಡಿ, ನಗದು ಸೋಡಿ ಎಂದು ಎರಡು ಬಗೆಗಳನ್ನು ಓದಿದ್ದೇವೆ. ಮೊದಲನೆಯದು ಬಿಲ್ಲಿನಲ್ಲಿಯೇ ಕಳೆದುಹೋಗುತ್ತದೆ, ಪುಸ್ತಕದಲ್ಲಿ ಬರೆಯುವುದಿಲ್ಲ; ಎರಡನೆಯದು ಹಣ ಬಂದಾಗ ಖರ್ಚಾಗಿ ಬರುತ್ತದೆ. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯು ಈ ಹೆಸರುಗಳನ್ನು ಬಳಸದೆ ಕಾಲವನ್ನು ಆಧಾರವಾಗಿಟ್ಟುಕೊಂಡಿದೆ. ಕಲಂ 15(3)ರ ಪ್ರಕಾರ, ಸರಕು ಪೂರೈಸುವ ಮುಂಚೆ ಅಥವಾ ಪೂರೈಸುವಾಗ ಕೊಟ್ಟ ರಿಯಾಯಿತಿಯು ಬಿಲ್ಲಿನಲ್ಲಿ ಸರಿಯಾಗಿ ನಮೂದಾಗಿದ್ದರೆ ತೆರಿಗೆಯ ಮೌಲ್ಯದಲ್ಲಿ ಸೇರುವುದಿಲ್ಲ. ಬಿಲ್ಲಿನ ವಿವರಗಳನ್ನು ನಿಗದಿಪಡಿಸುವ ನಿಯಮ 46 ಕೂಡ ರಿಯಾಯಿತಿಯನ್ನು ಪರಿಗಣಿಸಿದ ನಂತರದ ತೆರಿಗೆಯ ಮೌಲ್ಯವನ್ನೇ ಕೇಳುತ್ತದೆ.

ಇಲ್ಲಿ ‘ಬಿಲ್ಲಿನಲ್ಲಿ ನಮೂದಾಗಿರಬೇಕು’ ಎಂಬ ಪದಗಳು ಮುಖ್ಯ. ಕೆಲವು ಅಗ್ಗದ ಬಿಲ್ ಮುದ್ರಣ ತಂತ್ರಾಂಶಗಳು ಪೂರ್ಣ ಬೆಲೆಗೆ ತೆರಿಗೆ ಹಾಕಿ, ಕೆಳಗೆ ಒಟ್ಟು ಮೊತ್ತದಿಂದ ಕೂಪನ್ ಕಳೆಯುತ್ತವೆ. ಗ್ರಾಹಕರು ಕೊಟ್ಟ ಹಣ ಸರಿಯಾಗಿಯೇ ಇರುತ್ತದೆ, ಆದರೆ ಬಿಟ್ಟ ಮೌಲ್ಯಕ್ಕೂ ವರ್ತಕರು ತೆರಿಗೆ ಕಟ್ಟಿರುತ್ತಾರೆ. ತಮ್ಮ ಮಳಿಗೆಯ ಒಂದು ಬಿಲ್ಲನ್ನು ಇಂದೇ ತೆಗೆದು, ಪ್ರತಿ ಸಾಲಿನಲ್ಲಿ ಬೆಲೆ, ಸೋಡಿ, ತೆರಿಗೆಯ ಮೌಲ್ಯ, ತೆರಿಗೆ ಎಂಬ ಕ್ರಮದಲ್ಲಿ ಇದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಆರ್ಡರಿನ ಒಟ್ಟು ಮೊತ್ತಕ್ಕೆ ಕೊಟ್ಟ ರಿಯಾಯಿತಿಯನ್ನು ಸಾಲುಗಳಿಗೆ ಬೆಲೆಯ ಪ್ರಮಾಣದಲ್ಲಿ ಹಂಚಿರಬೇಕು. ಬೇರೆ ಬೇರೆ ದರದ ಸರಕುಗಳಿದ್ದಾಗ ಇಡೀ ರಿಯಾಯಿತಿಯನ್ನು ಹೆಚ್ಚು ದರದ ಸರಕಿಗೇ ಹಾಕಿ ತೆರಿಗೆ ಉಳಿಸುವ ಯುಕ್ತಿಯನ್ನು ಅಧಿಕಾರಿಗಳು ಒಪ್ಪುವುದಿಲ್ಲ.

ಸರಕು ಕಳಿಸಿದ ನಂತರ ಕೊಡುವ ರಿಯಾಯಿತಿಯ ದಾರಿ ಬೇರೆ. 2017ರಲ್ಲಿ ಜಾರಿಗೆ ಬಂದಾಗ ಕಾಯಿದೆಯು ಪೂರ್ವ ಒಪ್ಪಂದ, ನಿರ್ದಿಷ್ಟ ಬಿಲ್ಲಿನೊಂದಿಗೆ ಸಂಬಂಧ, ಖರೀದಿದಾರರು ತಮ್ಮ ತೆರಿಗೆ ಜಮೆಯನ್ನು ಹಿಂತಿರುಗಿಸುವುದು ಎಂಬ ಷರತ್ತುಗಳನ್ನು ವಿಧಿಸಿತ್ತು. ಸಗಟು ವ್ಯವಹಾರದವರು ಇದನ್ನು ತಮ್ಮ ಲೆಕ್ಕಪರಿಶೋಧಕರೊಂದಿಗೆ ಕುಳಿತು ಚರ್ಚಿಸಿಯೇ ಮುಂದುವರಿಯಬೇಕು. ಚಿಲ್ಲರೆ ಅಂತರ್ಜಾಲ ಮಳಿಗೆಗೆ ನನ್ನ ಸಲಹೆ ಒಂದೇ: ಬಿಡುವುದನ್ನು ಬಿಲ್ಲಿನಲ್ಲಿಯೇ ಬಿಡಿ.

2,500 ರೂಪಾಯಿಯ ಗಡಿ

ಸಿದ್ಧ ಉಡುಪು ಮತ್ತು ಪಾದರಕ್ಷೆಯವರು ಈ ಭಾಗವನ್ನು ನಿಧಾನವಾಗಿ ಓದಬೇಕೆಂದು ಕೋರುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ದರಗಳಂತೆ, ನಗವೊಂದರ ಮಾರಾಟ ಮೌಲ್ಯ 2,500 ರೂ. ಮೀರದ ಉಡುಪಿಗೆ ಶೇ. 5, ಮೀರಿದ್ದಕ್ಕೆ ಶೇ. 18 ತೆರಿಗೆ. ಪಾದರಕ್ಷೆಗೆ ಜೊತೆಯೊಂದಕ್ಕೆ ಇದೇ ಗಡಿ, ಇದೇ ದರಗಳು. ಅದಕ್ಕೆ ಮೊದಲು ಉಡುಪಿನ ಗಡಿ 1,000 ರೂ., ದರಗಳು ಶೇ. 5 ಮತ್ತು ಶೇ. 12 ಇದ್ದವು; ಅಂತರ ಅಷ್ಟು ದೊಡ್ಡದಾಗಿರಲಿಲ್ಲ.

ಬಿಲ್ಲಿನಲ್ಲಿ ತೋರಿಸಿದ ರಿಯಾಯಿತಿ ಕಳೆದು ಉಳಿದ, ತೆರಿಗೆ ಸೇರದ ಬೆಲೆಯೇ ಇಲ್ಲಿ ಮಾರಾಟ ಮೌಲ್ಯ. ಆದ್ದರಿಂದ ರಿಯಾಯಿತಿಯ ನಿಯಮವೇ ತೆರಿಗೆಯ ದರವನ್ನೂ ಬದಲಿಸಬಲ್ಲದು.

ಒಂದು ಕುರ್ತಾದ ಬೆಲೆ ತೆರಿಗೆ ಸೇರಿ 2,999 ರೂ. ಎಂದಿರಲಿ. ಇದರಲ್ಲಿ ಶೇ. 18ರಂತೆ ತೆರಿಗೆ 457.47 ರೂ.; ವರ್ತಕರ ಕೈಗೆ ಉಳಿಯುವುದು 2,541.53 ರೂ. ಈ ಬೆಲೆಯನ್ನು 2,625 ರೂಪಾಯಿಗೆ ಇಳಿಸಿದರೆ ಮೌಲ್ಯ ಸರಿಯಾಗಿ 2,500, ತೆರಿಗೆ ಶೇ. 5ರಂತೆ 125 ರೂ. ಗ್ರಾಹಕರಿಗೆ ಉಳಿತಾಯ 374 ರೂ., ವರ್ತಕರು ಬಿಟ್ಟದ್ದು ಕೇವಲ 41 ರೂ. 53 ಪೈಸೆ. ಇಷ್ಟು ಅಗ್ಗವಾಗಿ ಇಷ್ಟು ದೊಡ್ಡ ರಿಯಾಯಿತಿ ಕೊಡುವ ಅವಕಾಶ ಬೇರೆಲ್ಲಿಯೂ ಸಿಗಲಾರದು.

ಈಗ ಇದರ ಇನ್ನೊಂದು ಮುಖ. ಅದೇ ಕುರ್ತಾಕ್ಕೆ ಶೇ. 10 ಬಿಟ್ಟರೆ ಬೆಲೆ 2,699.10 ರೂ. ಇದರಲ್ಲಿ ತೆರಿಗೆ ಶೇ. 18 ಎಂದುಕೊಂಡರೆ ಮೌಲ್ಯ 2,287.37, ಅದು 2,500ಕ್ಕಿಂತ ಕಡಿಮೆ, ಹಾಗಾಗಿ ಶೇ. 18 ಸಲ್ಲದು. ಶೇ. 5 ಎಂದುಕೊಂಡರೆ ಮೌಲ್ಯ 2,570.57, ಅದು 2,500 ಮೀರಿತು, ಹಾಗಾಗಿ ಶೇ. 5 ಕೂಡ ಸಲ್ಲದು. ತೆರಿಗೆ ಸೇರಿದ ಬೆಲೆ 2,625ಕ್ಕಿಂತ ಹೆಚ್ಚು, 2,950ಕ್ಕಿಂತ ಹೆಚ್ಚಲ್ಲ ಎನ್ನುವಂತಿದ್ದರೆ ಲೆಕ್ಕ ಎರಡೂ ಕಡೆಯಿಂದ ಕೂಡುವುದಿಲ್ಲ. ತೆರಿಗೆ ಸೇರದ ಬೆಲೆಯಿಂದ ಹೊರಟರೆ ಈ ನಡುವಿನ ಯಾವ ಅಂಕಿಯೂ ಹುಟ್ಟುವುದೇ ಇಲ್ಲ ಎಂಬುದನ್ನು ಓದುಗರು ತಾವೇ ಪರೀಕ್ಷಿಸಿ ನೋಡಬಹುದು. ಆದರೆ ತಂತ್ರಾಂಶಕ್ಕೆ ಈ ಜ್ಞಾನವಿಲ್ಲ. ಸರಕಿಗೆ ಒಮ್ಮೆ ಶೇ. 18 ಎಂದು ಗುರುತು ಹಾಕಿದ್ದರೆ ಅದು 2,699.10ರಿಂದ 411.73 ರೂ. ತೆರಿಗೆ ತೆಗೆದಿಟ್ಟು ವರ್ತಕರಿಗೆ 2,287.37 ಉಳಿಸುತ್ತದೆ. ಬದಲಿಗೆ ಶೇ. 12.5 ಬಿಟ್ಟಿದ್ದರೆ ಬೆಲೆ 2,624.13, ಶೇ. 5ರ ತೆರಿಗೆ ಕಳೆದು ಉಳಿಯುತ್ತಿದ್ದುದು 2,499.17. ಗ್ರಾಹಕರಿಗೆ ಹೆಚ್ಚು ಬಿಟ್ಟು, ತಾವು ಸುಮಾರು 212 ರೂ. ಹೆಚ್ಚು ಪಡೆಯುವ ದಾರಿಯನ್ನು ಶೇ. 10 ಎಂಬ ದುಂಡು ಅಂಕಿ ಮುಚ್ಚಿಹಾಕಿತು.

ಆದ್ದರಿಂದ ಈ ಗಡಿಯ ಆಸುಪಾಸಿನ ಸರಕುಗಳಿಗೆ ಮಳಿಗೆಯ ಸಾಮಾನ್ಯ ಶೇಕಡಾ ರಿಯಾಯಿತಿಯನ್ನು ಅನ್ವಯಿಸಬಾರದು. ಅವುಗಳ ಪ್ರತ್ಯೇಕ ಪಟ್ಟಿ ಮಾಡಿ, ಹಬ್ಬದ ಬೆಲೆಯನ್ನು ಕೈಯಿಂದಲೇ ನಿಗದಿಪಡಿಸಿ, ಬೆಲೆ ಬದಲಾದ ದಿನವೇ ತೆರಿಗೆಯ ವರ್ಗವನ್ನೂ ಬದಲಿಸಬೇಕು. ಹಬ್ಬ ಮುಗಿದ ದಿನ ಎರಡನ್ನೂ ಹಿಂದಿರುಗಿಸಬೇಕು. ಶೇ. 5ರ ಸರಕಿಗೆ ಶೇ. 18 ವಸೂಲು ಮಾಡಿದರೆ ಆ ಹಣ ವರ್ತಕರದಲ್ಲ; ತೆರಿಗೆಯೆಂದು ವಸೂಲಾದದ್ದನ್ನು ಸರ್ಕಾರಕ್ಕೆ ಕಟ್ಟಲೇಬೇಕೆಂದು ಕಲಂ 76 ಹೇಳುತ್ತದೆ. ತಿರುಗಿ, ಹಬ್ಬದ ಶೇ. 5ರ ಗುರುತನ್ನೇ ಬಿಟ್ಟು ಪೂರ್ಣ ಬೆಲೆಗೆ ಮಾರಿದರೆ ವ್ಯತ್ಯಾಸವನ್ನು ಬಡ್ಡಿ ಸಮೇತ ತಾವೇ ತುಂಬಬೇಕು. ಆರ್ಡರಿನ ಮೇಲಿನ ಕೂಪನ್‌ಗಳಿಂದಲೂ ಈ ಸರಕುಗಳನ್ನು ಹೊರಗಿಡುವುದು ಉತ್ತಮ. ತೆರಿಗೆ ಬಿಟ್ಟು 2,700 ರೂಪಾಯಿಯ ಎರಡು ನಗಗಳಿಗೆ ಒಟ್ಟು 500 ರೂ. ಕೂಪನ್ ಹಂಚಿದರೆ ಪ್ರತಿಯೊಂದೂ 2,450ಕ್ಕೆ ಇಳಿದು ದರವೇ ಬದಲಾಗುತ್ತದೆ, ಅದು ಯಾರ ಗಮನಕ್ಕೂ ಬಂದಿರುವುದಿಲ್ಲ.

ಉಡುಗೊರೆ ಪೆಟ್ಟಿಗೆ ಮತ್ತು ‘ಒಂದಕ್ಕೊಂದು ಉಚಿತ’

ದಸರಾ ಸಮಯದಲ್ಲಿ ಊದುಬತ್ತಿಯವರು ಉಡುಗೊರೆ ಪೆಟ್ಟಿಗೆ ಮಾಡುವುದುಂಟು. ಊದುಬತ್ತಿಗೆ ಶೇ. 5, ಅದರೊಂದಿಗೆ ಇಡುವ ಪರ್ಫ್ಯೂಮ್ ಸೀಸೆಗೆ ಶೇ. 18. ತೆರಿಗೆ ಬಿಟ್ಟು 400 ರೂಪಾಯಿಯ ಊದುಬತ್ತಿ, 200 ರೂಪಾಯಿಯ ಪರ್ಫ್ಯೂಮ್ ಎರಡನ್ನೂ ಬೇರೆ ಬೇರೆ ಬೆಲೆಗೆ ಮಾರಿದರೆ ತೆರಿಗೆ 20 ಮತ್ತು 36, ಒಟ್ಟು 56 ರೂ. ಪೆಟ್ಟಿಗೆಗೆ 600 ಎಂದು ಒಂದೇ ಬೆಲೆ ಹಾಕಿದರೆ ಅದು ಮಿಶ್ರ ಪೂರೈಕೆಯಾಗಿ, ಕಲಂ 8ರಂತೆ ಇಡೀ ಪೆಟ್ಟಿಗೆಗೆ ಹೆಚ್ಚಿನ ದರ ಅನ್ವಯವಾಗುತ್ತದೆ: 108 ರೂ. ‘ಮೂರು ಊದುಬತ್ತಿ ಕೊಂಡರೆ ಸೀಸೆ ಉಚಿತ’ ಎಂಬ ನಿಯಮವೂ ಇದೇ ಸುಳಿಗೆ ಸಿಲುಕುತ್ತದೆ. 2019ರ ಮಾರ್ಚ್ 7ರ ಸುತ್ತೋಲೆ ಸಂಖ್ಯೆ 92ರಲ್ಲಿ, ‘ಒಂದು ಕೊಂಡರೆ ಒಂದು ಉಚಿತ’ ಎಂಬುದು ಉಚಿತ ಪೂರೈಕೆಯಲ್ಲ, ಒಂದೇ ಬೆಲೆಗೆ ಎರಡು ವಸ್ತುಗಳ ಪೂರೈಕೆ ಎಂದು ಮಂಡಳಿಯು ಸ್ಪಷ್ಟಪಡಿಸಿದೆ. ಇದರಿಂದ ಒಂದು ಅನುಕೂಲವೂ ಉಂಟು. ಆ ಎರಡನೆಯ ವಸ್ತುವಿನ ಖರೀದಿಯ ಮೇಲಿನ ತೆರಿಗೆ ಜಮೆ ಕೈಬಿಡಬೇಕಾಗಿಲ್ಲ. ಯಾವ ಖರೀದಿಗೂ ಸಂಬಂಧವಿಲ್ಲದೆ ಹಂಚಿದ ಮಾದರಿ ಪೊಟ್ಟಣಗಳಿಗಾದರೆ ಕಲಂ 17(5)ರಂತೆ ಜಮೆ ಸಿಗುವುದಿಲ್ಲ.

ಒಂದೇ ಊದುಬತ್ತಿಗೆ ಅದೇ ಊದುಬತ್ತಿ ಉಚಿತವಾದರೆ ದರ ಒಂದೇ, ತೊಂದರೆಯಿಲ್ಲ. ದರ ಬೇರೆಯಾದ ವಸ್ತುಗಳಿದ್ದಲ್ಲಿ ‘ಉಚಿತ’ ಎಂಬ ನಿಯಮ ಬಿಟ್ಟು, ಪ್ರತಿಯೊಂದಕ್ಕೂ ಪ್ರತ್ಯೇಕ ಬೆಲೆ ಉಳಿಸಿ, ಗ್ರಾಹಕರು ಬಿಡಿಯಾಗಿಯೂ ಕೊಳ್ಳುವಂತಿಟ್ಟು, ಎರಡರ ಮೇಲೂ ಶೇಕಡಾ ರಿಯಾಯಿತಿ ಕೊಡುವ ನಿಯಮ ರಚಿಸುವುದು ಮೇಲು.

ಸೋಡಿಯ ಹೊರೆ ಯಾರ ಮೇಲೆ?

ಸ್ವಂತ ಮಳಿಗೆಯ ಜೊತೆಗೆ ದೊಡ್ಡ ಮಾರುಕಟ್ಟೆ ತಾಣಗಳಲ್ಲಿಯೂ ಮಾರುವವರು ಒಂದು ವ್ಯತ್ಯಾಸ ತಿಳಿದಿರಬೇಕು. 1,000 ರೂಪಾಯಿಯ ಸರಕಿಗೆ ಗ್ರಾಹಕರು 900 ಕೊಟ್ಟು, ಉಳಿದ 100ನ್ನು ತಾಣವೇ ವರ್ತಕರಿಗೆ ತುಂಬಿಕೊಟ್ಟರೆ ತೆರಿಗೆ 1,000ದ ಮೇಲೆ. ಏಕೆಂದರೆ ಕಾಯಿದೆಯಲ್ಲಿ ಪ್ರತಿಫಲವೆಂದರೆ ಖರೀದಿದಾರರೇ ಕೊಟ್ಟದ್ದಾಗಬೇಕೆಂದಿಲ್ಲ, ಬೇರೆ ಯಾರು ಕೊಟ್ಟರೂ ಸೇರುತ್ತದೆ. ಅದೇ 100ನ್ನು ವರ್ತಕರೇ ಬಿಟ್ಟಿದ್ದರೆ ತೆರಿಗೆ 900ರ ಮೇಲೆ. ಗ್ರಾಹಕರ ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಭೇದ ಇರುವುದು ತಾಣವು ಕಳಿಸುವ ಪಾವತಿ ವಿವರಣೆಯಲ್ಲಿ. ಹಬ್ಬದ ಮಾರಾಟಕ್ಕೆ ಒಪ್ಪಿಗೆ ಕೊಡುವ ಗುಂಡಿ ಒತ್ತುವ ಮುಂಚೆ ಅದರ ಷರತ್ತುಗಳಲ್ಲಿ ಹೊರೆ ಯಾರದೆಂದು ಓದಿಕೊಳ್ಳುವುದು ಅವಶ್ಯ. ತಾಣಗಳು 2024ರ ಜುಲೈ 10ರಿಂದ ನಿವ್ವಳ ಮೌಲ್ಯದ ಮೇಲೆ ಶೇ. 0.5ರಂತೆ ತೆರಿಗೆ ಸಂಗ್ರಹಿಸುತ್ತಿದ್ದು, ಅವರು ತೋರಿಸಿದ ಮೌಲ್ಯಕ್ಕೂ ನಮ್ಮ ವಿವರಣೆಗೂ ತಾಳೆಯಾಗದಿದ್ದರೆ ನೋಟೀಸು ಬರಲು ತಡವಾಗುವುದಿಲ್ಲ.

ಗ್ರಾಹಕರ ಕಾನೂನು

ಇದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಗೆರೆ ಹೊಡೆದು ತೋರಿಸುವ ಹಳೆಯ ಬೆಲೆಯು ತಾವು ನಿಜವಾಗಿ ಮಾರುತ್ತಿದ್ದ ಬೆಲೆಯಾಗಿರಬೇಕು. ಸರಕು ಸಾಮಾನ್ಯವಾಗಿ ಮಾರಾಟವಾಗುವ ಬೆಲೆಯ ಬಗ್ಗೆ ಜನರನ್ನು ದಾರಿ ತಪ್ಪಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ದಾರಿ ತಪ್ಪಿಸುವ ಜಾಹೀರಾತಿಗೆ ಉತ್ಪಾದಕರ ಮೇಲೆ ಹತ್ತು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ. 2020ರ ಇ-ವಾಣಿಜ್ಯ ನಿಯಮಗಳಂತೆ ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ, ಸಾಗಣೆ ಮುಂತಾದವುಗಳ ವಿಂಗಡಣೆಯೊಂದಿಗೆ ತೋರಿಸಬೇಕು. 2023ರ ನವೆಂಬರ್ 30ರ ಮಾರ್ಗಸೂಚಿಗಳು ಹದಿಮೂರು ಬಗೆಯ ಮೋಸದ ವಿನ್ಯಾಸಗಳನ್ನು ನಿಷೇಧಿಸಿವೆ. ‘ಇನ್ನು 10 ನಿಮಿಷ ಮಾತ್ರ’ ಎಂದು ಓಡಿ, ಪುಟ ಮತ್ತೆ ತೆರೆದಾಗ ಮತ್ತೆ ಹತ್ತರಿಂದ ಆರಂಭವಾಗುವ ಗಡಿಯಾರ ಅವುಗಳಲ್ಲಿ ಸೇರುತ್ತದೆ. ಜಾಲತಾಣ ಕಟ್ಟುವವರು ಕೇಳದೆಯೇ ಅದನ್ನು ಅಳವಡಿಸಿರುತ್ತಾರೆ, ತೆಗೆಸಿಹಾಕಿ.

ಸರಕು ಮರಳಿ ಬಂದಾಗ

3,000 ರೂ. ಮೇಲ್ಪಟ್ಟ ಖರೀದಿಗೆ 400 ರೂ. ರಿಯಾಯಿತಿ ಇದೆ. ಗ್ರಾಹಕರು 1,500, 1,000 ಮತ್ತು 700 ರೂಪಾಯಿಯ ಮೂರು ವಸ್ತು, ಒಟ್ಟು 3,200ರದ್ದು ಕೊಂಡು 2,800 ಪಾವತಿಸಿದರು. ವಾರದ ನಂತರ 1,500ರದ್ದನ್ನು ಹಿಂದಿರುಗಿಸಿದರು. ಎಷ್ಟು ಮರಳಿಸಬೇಕು?

ಪ್ರಮಾಣಾನುಸಾರ ಹಂಚಿದರೆ ಆ ವಸ್ತುವಿನ ಪಾಲಿನ ಸೋಡಿ 187.50, ಮರಳಿಸಬೇಕಾದದ್ದು 1,312.50. ಇನ್ನೊಂದು ವಾದವೆಂದರೆ, ಉಳಿದ ಖರೀದಿ 1,700 ಮಾತ್ರ, ಅದಕ್ಕೆ ರಿಯಾಯಿತಿಯೇ ಇಲ್ಲ, ಆದ್ದರಿಂದ 2,800ರಿಂದ 1,700 ಕಳೆದು 1,100 ಕೊಟ್ಟರೆ ಸಾಕು. ಎರಡನೆಯದು ವರ್ತಕರಿಗೆ ಹಿತವಾಗಿ ಕಂಡರೂ ನಾನು ಅದನ್ನು ಒಪ್ಪುವುದಿಲ್ಲ. ಬಿಲ್ಲಿನಲ್ಲಿ ಪ್ರತಿ ಸಾಲಿನ ಮೌಲ್ಯ ಈಗಾಗಲೇ ನಮೂದಾಗಿದೆ. ಕಲಂ 34ರ ಕ್ರೆಡಿಟ್ ನೋಟ್ ಮರಳಿ ಬಂದ ಸಾಲಿಗೆ ಮಾತ್ರ ಸಲ್ಲುತ್ತದೆ. ಗ್ರಾಹಕರ ಬಳಿಯೇ ಉಳಿದ ಎರಡು ವಸ್ತುಗಳ ಬೆಲೆಯನ್ನು ಮಾರಿದ ಮೇಲೆ ಏರಿಸಿದಂತಾಗಿ, ಡೆಬಿಟ್ ನೋಟ್ ಬರೆಯುವ ಪ್ರಸಂಗ ಬರುತ್ತದೆ. 212 ರೂಪಾಯಿಗಾಗಿ ಇಷ್ಟು ರಗಳೆ ಬೇಡ. ಸಾಮೂಹಿಕವಾಗಿ ತರಿಸಿ ಅರ್ಧ ಹಿಂದಿರುಗಿಸುವವರು ಹೆಚ್ಚಾದರೆ ಕನಿಷ್ಠ ಮೊತ್ತವನ್ನು ಏರಿಸಬಹುದು, ರಿಯಾಯಿತಿಯನ್ನು ಶೇಕಡಾವಾರಿಗೆ ಬದಲಿಸಬಹುದು. ಯಾವ ಪದ್ಧತಿಯಾದರೂ ಹಣ ಪಾವತಿಸುವ ಮುಂಚೆ ಗ್ರಾಹಕರಿಗೆ ಕಾಣುವಂತೆ ಕನ್ನಡದಲ್ಲಿಯೂ ಬರೆದಿರಬೇಕು. ಕ್ರೆಡಿಟ್ ನೋಟಿನ ತೆರಿಗೆ ಹೊಂದಾಣಿಕೆಗೆ, ಮಾರಾಟವಾದ ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ವಿವರಣೆ ಸಲ್ಲಿಸಿದ ದಿನ, ಇವೆರಡರಲ್ಲಿ ಮೊದಲಿನದು ಕೊನೆಯ ಗಡುವು.

ದಫ್ತರ ಮತ್ತು ಪರೀಕ್ಷೆ

ಪ್ರತಿ ರಿಯಾಯಿತಿಗೂ ಒಂದು ಪುಸ್ತಕದಲ್ಲಿ ಒಂದು ಸಾಲು ಮೀಸಲಿಡಿ: ಹೆಸರು, ಉದ್ದೇಶ, ಆರಂಭ, ಮುಕ್ತಾಯ, ಗರಿಷ್ಠ ವೆಚ್ಚ, ಒಪ್ಪಿಗೆ ಕೊಟ್ಟವರ ಸಹಿ. ವ್ಯಾಪಾರಿ ಸೋಡಿಯನ್ನು ಖಾತೆಯಲ್ಲಿ ಬರೆಯುವುದಿಲ್ಲವಾದರೂ, ಯಾವ ಕೂಪನ್ನಿಗೆ ಎಷ್ಟು ಹೋಯಿತೆಂಬ ವರದಿಯನ್ನು ತಿಂಗಳಿಗೊಮ್ಮೆ ತಂತ್ರಾಂಶದಿಂದ ತೆಗೆದು ಇದೇ ಪುಸ್ತಕದಲ್ಲಿ ಅಂಟಿಸಿದರೆ ಮುಂದಿನ ವರ್ಷದ ಹಬ್ಬಕ್ಕೆ ಯಾರ ಸಲಹೆಯೂ ಬೇಕಾಗುವುದಿಲ್ಲ. ನಿಯಮ ಬದಲಿಸುವ ಗುಪ್ತಪದ ಮಾಲೀಕರು ಮತ್ತು ಇನ್ನೊಬ್ಬರ ಬಳಿ ಮಾತ್ರ ಇರಲಿ.

ಘೋಷಣೆಗೆ ಎರಡು ದಿನ ಮುಂಚೆ ತಾವೇ ಗ್ರಾಹಕರಾಗಿ ಆರ್ಡರು ಹಾಕಿ ನೋಡಬೇಕು. ಮಿತಿ 3,000 ಇದ್ದರೆ 2,999ಕ್ಕೂ 3,000ಕ್ಕೂ ಹಾಕಿ. ಎರಡು ಕೂಪನ್ ಒಟ್ಟಿಗೆ ಹಾಕಿ. ಒಂದೇ ಕೂಪನ್ ಎರಡನೆಯ ಸಲ ಹಾಕಿ. 2,500ರ ಗಡಿಯ ಸರಕೊಂದನ್ನು, ಬೇರೆ ದರದ ಸರಕೊಂದನ್ನು ಒಂದೇ ಬುಟ್ಟಿಯಲ್ಲಿ ಸೇರಿಸಿ, ಬಂದ ಬಿಲ್ಲನ್ನು ಮುದ್ರಿಸಿ, ಪ್ರತಿ ಸಾಲನ್ನು ಕ್ಯಾಲ್ಕುಲೇಟರಿನಲ್ಲಿ ಹೊಡೆದು ತಾಳೆ ನೋಡಿ. ಆ ಬಿಲ್ಲಿನ ಒಂದು ಪ್ರತಿಯನ್ನು ತಮ್ಮ ಲೆಕ್ಕಪರಿಶೋಧಕರಿಗೂ ಕಳಿಸಿ. ಹಬ್ಬ ಮುಗಿದ ಮರುದಿನ ಬೆಳಿಗ್ಗೆ ಮತ್ತೊಮ್ಮೆ ಹಳೆಯ ಕೂಪನ್ ಹಾಕಿ ನೋಡಿ. ಅದು ಇನ್ನೂ ನಡೆಯುತ್ತಿದ್ದರೆ ಕೂಡಲೇ ನಿಲ್ಲಿಸಿ, ಅಷ್ಟರೊಳಗೆ ಬಂದ ಆರ್ಡರುಗಳನ್ನು ರದ್ದುಮಾಡದೆ ಅದೇ ಬೆಲೆಗೆ ಕಳಿಸಿಕೊಡಿ.